ಯಾರೂ ಹಾಡದ 53 ಮೇಳ: ಎಣಿಸಿದರೆ ತಿಳಿದ ಹಾಗೆ ಆಗುತ್ತಾ?

ಹನುಮಂತನಗರದ ಪಿಟೀಲು
ಶನಿವಾರ, ರಾತ್ರಿ 9:40

ಒಂದು ವಾರದಿಂದ ತಲೆಯಲ್ಲಿ ಕೂತಿರುವ ಪ್ರಶ್ನೆ ಇದು. ಇಲ್ಲಿ ಸಂಗೀತದವರೂ ಇದ್ದೀರಿ, ಗಣಿತದವರೂ ಇದ್ದೀರಿ. ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ನಾನು ಹಗಲು ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ನಾಲ್ಕು ವರ್ಷದಿಂದ ಪಿಟೀಲು ಕಲಿಯುತ್ತಿದ್ದೇನೆ. ಕಳೆದ ಭಾನುವಾರ ಪಾಠ ಮುಗಿದ ಮೇಲೆ ಮೇಳಕರ್ತದ ಮಾತು ಬಂತು. ಮೇಳ ಅಂದರೆ ರಾಗಗಳು ಹುಟ್ಟುವ ಏಳು ಸ್ವರಗಳ ಮೂಲ ಜೋಡಣೆ, ಅಂಥವು ಒಟ್ಟು 72. 72 ಹೇಗೆ ಬರುತ್ತದೆ ಅಂತ ಗುರುಗಳ ಮುಂದೆ ಲೆಕ್ಕ ಬಿಡಿಸಿ ತೋರಿಸಿದೆ. ಸ ಮತ್ತು ಪ ಅಲ್ಲಾಡುವುದಿಲ್ಲ. ಮ ಎರಡು ಬಗೆ. ಸ ಮತ್ತು ಮ ನಡುವೆ ನಾಲ್ಕು ಸ್ಥಾನ ಇವೆ. ಅದರಲ್ಲಿ ಎರಡನ್ನು ಆರಿಸಬೇಕು, ಕೆಳಗಿನದು ರಿ, ಮೇಲಿನದು ಗ. ನಾಲ್ಕರಲ್ಲಿ ಎರಡನ್ನು ಆರಿಸಲು ಇರುವುದು ಆರೇ ದಾರಿ. ಪ ಆದ ಮೇಲೆ ಧ, ನಿಗೂ ಅದೇ ಆರು. 2 × 6 × 6 = 72.

ಗುರುಗಳು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ವೆಂಕಟಮಖಿ ಇದನ್ನು ಬರೆದಾಗ ಬಳಕೆಯಲ್ಲಿ ಇದ್ದದ್ದು 19 ಮೇಳ. ಉಳಿದ 53 ಅವನಿಗೆ ಗೊತ್ತಿತ್ತು ಅಂತೀಯಾ? ಇಲ್ಲ, ಸುಮ್ನೆ ಎಣಿಸಿದ್ದ ಅಂತೀಯಾ?" ಅಂತ ಕೇಳಿದರು.

ಉತ್ತರ ಹೊಳೆಯಲಿಲ್ಲ. 17ನೇ ಶತಮಾನದಲ್ಲಿ, ತಂಜಾವೂರಿನಲ್ಲಿ ಕೂತು ಒಬ್ಬ ಮನುಷ್ಯ ಇಷ್ಟೇ ಮೇಳ ಇರಲು ಸಾಧ್ಯ ಅಂತ ಬರೆದ. ಶಿವನೇ ಬಂದರೂ ಇದಕ್ಕೆ ಒಂದನ್ನು ಸೇರಿಸಲಾರ, ಒಂದನ್ನು ಕಳೆಯಲಾರ ಎನ್ನುವ ಅರ್ಥದಲ್ಲಿ ಹೇಳಿದ. ಅವುಗಳಲ್ಲಿ ಹೆಚ್ಚಿನವನ್ನು ಯಾರೂ ಹಾಡಿರಲಿಲ್ಲ. ಅಷ್ಟು ಗಟ್ಟಿಯಾಗಿ ಹೇಳುವ ಧೈರ್ಯವನ್ನು ಅವನಿಗೆ ಕೊಟ್ಟದ್ದು ಗಣಿತ ಅಲ್ವಾ?

ನನ್ನ ಮಟ್ಟಿಗೆ ಅವನಿಗೆ ಗೊತ್ತಿತ್ತು. ಕಿವಿಗೆ ಬೀಳದ ಒಂದು ವಸ್ತು ಇದೆ ಎಂದು ತಿಳಿಯುವುದು ಸಣ್ಣ ತಿಳಿವಳಿಕೆ ಅಲ್ಲ. ನೀವು ಏನಂತೀರಿ?


ಭಾಮಿನಿ, ರಾಜಾಜಿನಗರ
ಶನಿವಾರ, ರಾತ್ರಿ 10:25

ಪಿಟೀಲು ಅವರೇ, ಒಳ್ಳೆಯ ಪ್ರಶ್ನೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ನನಗೆ ಇದೇ ಪ್ರಶ್ನೆ ಛಂದಸ್ಸಿನಲ್ಲಿ ಎದುರಾಗಿದೆ.

ಭಾಮಿನಿ ಷಟ್ಪದಿಯ ಮೊದಲ ಸಾಲು ತೆಗೆದುಕೊಳ್ಳಿ. ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ. ಒಟ್ಟು 14. ಮೂರು ಮಾತ್ರೆಯ ಗಣವನ್ನು ಲಘು (ಒಂದು ಮಾತ್ರೆಯ ಅಕ್ಷರ), ಗುರು (ಎರಡು ಮಾತ್ರೆಯದು) ಸೇರಿಸಿ ಮೂರು ರೀತಿಯಲ್ಲಿ ಕಟ್ಟಬಹುದು. ನಾಲ್ಕು ಮಾತ್ರೆಯದನ್ನು ಐದು ರೀತಿಯಲ್ಲಿ. ಹಾಗಾದರೆ ಒಂದು ಸಾಲಿಗೆ 3 × 5 × 3 × 5 = 225 ವಿನ್ಯಾಸ. ಇದು ಲೆಕ್ಕ.

ಆದರೆ ಷಟ್ಪದಿಯಲ್ಲಿ ಗಣದ ಆರಂಭಕ್ಕೆ ಲಘು ಬಂದು ಅದರ ಹಿಂದೆಯೇ ಗುರು ಬರುವಂತಿಲ್ಲ. ಅದು ಎಡವಿದ ಹಾಗೆ ಕೇಳುತ್ತದೆ. ಗಮಕಿಗಳು ಹಾಡುವಾಗ ಗಮನಿಸಿ, ಗೊತ್ತಾಗುತ್ತದೆ. ಆ ನಿಯಮ ಹಾಕಿದರೆ ಮೂರು ಮಾತ್ರೆಗೆ ಎರಡೇ ರೀತಿ, ನಾಲ್ಕು ಮಾತ್ರೆಗೆ ನಾಲ್ಕೇ ರೀತಿ ಉಳಿಯುತ್ತವೆ. 225 ಇದ್ದದ್ದು 64 ಆಯಿತು. ಈ 161ನ್ನು ತೆಗೆದುಹಾಕಿದ್ದು ಯಾರು? ಕಿವಿ. ಯಾವ ಲೆಕ್ಕವೂ "ಇಲ್ಲಿ ಎಡವುತ್ತದೆ" ಅಂತ ಹೇಳಲಿಲ್ಲ.

ಹಾಗಂತ ಲೆಕ್ಕವನ್ನು ತಳ್ಳಿಹಾಕುವವಳಲ್ಲ ನಾನು. ಮಕ್ಕಳಿಗೆ ಪ್ರಸ್ತಾರ, ಅಂದರೆ ಲಘು-ಗುರು ಜೋಡಣೆಗಳನ್ನೆಲ್ಲ ಪಟ್ಟಿ ಮಾಡುವುದನ್ನು, ಹೇಳಿಕೊಡುವಾಗ ನನಗೇ ರೋಮಾಂಚನ ಆಗುತ್ತಿತ್ತು. ಒಂದು ಮಾತ್ರೆಗೆ 1 ರೀತಿ, ಎರಡಕ್ಕೆ 2, ಮೂರಕ್ಕೆ 3, ನಾಲ್ಕಕ್ಕೆ 5, ಐದಕ್ಕೆ 8, ಆರಕ್ಕೆ 13. ಹಿಂದಿನ ಎರಡನ್ನು ಕೂಡಿಸಿದರೆ ಮುಂದಿನದು. ಯಾಕೆ? ಸಾಲಿನ ಕೊನೆಯ ಅಕ್ಷರ ಲಘು ಇರಬೇಕು ಅಥವಾ ಗುರು ಇರಬೇಕು. ಲಘು ಆದರೆ ಹಿಂದೆ ಒಂದು ಮಾತ್ರೆ ಕಡಿಮೆಯ ಸಾಲು. ಗುರು ಆದರೆ ಎರಡು ಮಾತ್ರೆ ಕಡಿಮೆಯ ಸಾಲು. ಅಷ್ಟೇ. ಇದನ್ನು ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಬೋರ್ಡಿನ ಮುಂದೆ ನಿಂತು ತಾನೇ ಕಂಡುಕೊಂಡಳು. ಜೈನ ಮುನಿ ಹೇಮಚಂದ್ರ 12ನೇ ಶತಮಾನದಲ್ಲೇ ಇದನ್ನು ಛಂದಸ್ಸಿಗಾಗಿ ಬರೆದಿಟ್ಟಿದ್ದ. ಇಟಲಿಯ ಫಿಬೊನಾಚಿ ಮೊಲಗಳ ಲೆಕ್ಕ ಬರೆದದ್ದು 1202ರಲ್ಲಿ.

ಆದರೂ ನನ್ನ ಮಾತು ಇಷ್ಟು. ಎಣಿಕೆ ಜಾಗ ತೋರಿಸುತ್ತದೆ. ಆ ಜಾಗದಲ್ಲಿ ಪದ್ಯ ಇದೆಯೋ ಇಲ್ಲವೋ ಹೇಳುವುದಿಲ್ಲ. ವೆಂಕಟಮಖಿಗೆ 53 ಜಾಗ ಗೊತ್ತಿತ್ತು. ರಾಗ ಗೊತ್ತಿರಲಿಲ್ಲ.


ತಾರಾಲಯ ಭಾನುವಾರ
ಭಾನುವಾರ, ಬೆಳಗ್ಗೆ 7:15

ಭಾಮಿನಿ ಮೇಡಂ ಹೇಳಿದ "ಜಾಗ" ಎನ್ನುವ ಮಾತನ್ನೇ ಹಿಡಿದುಕೊಳ್ಳುತ್ತೇನೆ.

ಮೆಂಡಲೀವ್ 1869ರಲ್ಲಿ ಮೂಲವಸ್ತುಗಳ ಕೋಷ್ಟಕ ಮಾಡಿದ. ಆಮೇಲೆ ಅದರ ಖಾಲಿ ಮನೆಗಳಲ್ಲಿ ಏನು ಬರಬೇಕು, ಅದರ ಗುಣ ಏನು ಅಂತ ಮುಂಚೆಯೇ ಬರೆದ. 1875ರಲ್ಲಿ ಗ್ಯಾಲಿಯಂ ಸಿಕ್ಕಿತು, 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ. ಅವನ ಈ ಮೂರು ಖಾಲಿ ಮನೆಗಳು ಸುಳ್ಳಾಗಲಿಲ್ಲ.

ಆದರೆ ನನಗೆ ಇನ್ನೂ ಹೆಚ್ಚು ಕಾಡುವ ಕತೆ ಬೇರೆ. ನಮ್ಮ ಹೈಗ್ರೌಂಡ್ಸ್ ತಾರಾಲಯಕ್ಕೆ ಶಾಲೆಯ ದಿನಗಳಿಂದ ಹೋಗುತ್ತಿದ್ದೇನೆ. ಅಲ್ಲಿಂದ ಶುರುವಾದ ಆಸಕ್ತಿ ಇದು. ಯುರೇನಸ್ ಗ್ರಹ ಲೆಕ್ಕ ಹಾಕಿದ ದಾರಿಯಲ್ಲಿ ಹೋಗುತ್ತಿರಲಿಲ್ಲ. ಫ್ರಾನ್ಸಿನ ಲೆ ವೆರಿಯೆ ಕೂತು ಲೆಕ್ಕ ಮಾಡಿದ. ಆಚೆ ಇನ್ನೊಂದು ಗ್ರಹ ಇದೆ, ಆಕಾಶದಲ್ಲಿ ಇಂಥ ಕಡೆ ನೋಡಿ ಅಂತ ಬರ್ಲಿನ್‌ಗೆ ಕಾಗದ ಬರೆದ. 1846ರ ಸೆಪ್ಟೆಂಬರ್ 23ರ ರಾತ್ರಿ ಅಲ್ಲಿನ ಖಗೋಳಜ್ಞ ಗಾಲೆ ದೂರದರ್ಶಕ ತಿರುಗಿಸಿದ. ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೆ ನೆಪ್ಚೂನ್ ಸಿಕ್ಕಿತು.

ಅದೇ ಲೆ ವೆರಿಯೆ ಬುಧ ಗ್ರಹವನ್ನು ನೋಡಿದ. ಅದರ ಕಕ್ಷೆಯಲ್ಲೂ ಸಣ್ಣ ವ್ಯತ್ಯಾಸ ಇತ್ತು. ಅದೇ ಗಣಿತ, ಅದೇ ಕೈ. ಸೂರ್ಯನ ಹತ್ತಿರ ಇನ್ನೊಂದು ಗ್ರಹ ಇರಬೇಕು ಎಂದ. ಅದಕ್ಕೆ ವಲ್ಕನ್ ಅಂತ ಹೆಸರೂ ಇಟ್ಟರು. ಹತ್ತಾರು ವರ್ಷ ಹುಡುಕಿದರು. ಸಿಗಲಿಲ್ಲ, ಯಾಕೆಂದರೆ ಅದು ಇರಲೇ ಇಲ್ಲ. ನೂರು ವರ್ಷಕ್ಕೆ 43 ಆರ್ಕ್‌ಸೆಕೆಂಡಿನ (ಒಂದು ಡಿಗ್ರಿಯಲ್ಲಿ 3600 ಆರ್ಕ್‌ಸೆಕೆಂಡು) ಆ ವ್ಯತ್ಯಾಸಕ್ಕೆ ಕಾರಣ ಗೊತ್ತಾದದ್ದು 1915ರಲ್ಲಿ, ಐನ್‌ಸ್ಟೈನ್ ಗುರುತ್ವದ ನಿಯಮವನ್ನೇ ಹೊಸದಾಗಿ ಬರೆದಾಗ.

ಎರಡು ಸಲವೂ ಲೆಕ್ಕದಲ್ಲಿ ತಪ್ಪಿರಲಿಲ್ಲ. ಒಂದು ಸಲ ಕೊರತೆ ಇದ್ದದ್ದು ಆಕಾಶದ ಪಟ್ಟಿಯಲ್ಲಿ. ಇನ್ನೊಂದು ಸಲ ನಿಯಮದಲ್ಲಿ. ಯಾವುದು ಎಲ್ಲಿ ಅಂತ ಕಾಗದದ ಮೇಲೆ ಗೊತ್ತಾಗಲ್ಲ. ಕಣ್ಣಿಟ್ಟು ನೋಡಲೇಬೇಕು. ಆದರೆ ಗಣಿತ ಇಲ್ಲದಿದ್ದರೆ ಕೊರತೆ ಇದೆ ಎಂಬುದೇ ಯಾರಿಗೂ ತಿಳಿಯುತ್ತಿರಲಿಲ್ಲ. 43 ಆರ್ಕ್‌ಸೆಕೆಂಡು ಬರಿಗಣ್ಣಿಗೆ ಬೀಳುವಂಥದ್ದಲ್ಲ.


ವಿಜಯನಗರದ ಓದುಗ
ಭಾನುವಾರ, ಬೆಳಗ್ಗೆ 8:02

ಇಷ್ಟೆಲ್ಲ ದೂರ ಯಾಕೆ ಹೋಗಬೇಕು? ನೃಪತುಂಗನ ಕಾಲದಲ್ಲಿ, ಅಂದರೆ 9ನೇ ಶತಮಾನದಲ್ಲಿ, ನಮ್ಮ ಮಹಾವೀರಾಚಾರ್ಯ ಹೇಳಿದ್ದಾನೆ: ಹೆಚ್ಚು ಮಾತು ಯಾಕೆ, ಮೂರು ಲೋಕದ ಚರಾಚರಗಳಲ್ಲಿ ಯಾವ ವಸ್ತುವೂ ಗಣಿತವನ್ನು ಬಿಟ್ಟು ಇಲ್ಲ ಅಂತ. ಅಲ್ಲಿಗೆ ಮುಗಿಯಿತು.


ಲೆಕ್ಕದ ಹುಡುಗಿ, ಯಶವಂತಪುರ
ಭಾನುವಾರ, ಬೆಳಗ್ಗೆ 9:30

ಆ ಶ್ಲೋಕ ನನಗೂ ಬಾಯಿಗೆ ಬರುತ್ತದೆ, ಇಷ್ಟವೂ ಹೌದು. ಆದರೆ ಅಲ್ಲಿಗೆ ಮುಗಿಯಲ್ಲ ಸರ್. ಅದೇ ಮಹಾವೀರ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಬದಲಾಗದೆ ಹಾಗೇ ಉಳಿಯುತ್ತದೆ ಎಂದೂ ಬರೆದ. ಅದು ತಪ್ಪು. ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಎಂದೂ ಬರೆದ. ಅವನಿಗೆ ಗೊತ್ತಿದ್ದ ಸಂಖ್ಯೆಗಳ ಮಟ್ಟಿಗೆ ಅದು ಸರಿ, ಅಷ್ಟು ಸ್ಪಷ್ಟವಾಗಿ ಅದನ್ನು ಹೇಳಿದ್ದಕ್ಕೆ ನನಗೆ ಅವನ ಮೇಲೆ ಬಹಳ ಗೌರವ. ಏಳು ನೂರು ವರ್ಷ ಆದ ಮೇಲೆ, 1572ರಲ್ಲಿ, ಇಟಲಿಯ ಬೊಂಬೆಲ್ಲಿ ಅಂಥ ಮೂಲಗಳಿಗೂ ಕೂಡುವ, ಗುಣಿಸುವ ನಿಯಮ ಬರೆದ. ಇಲ್ಲದ ಜಾಗಕ್ಕೆ ಜಾಗ ಮಾಡಿದ ಹಾಗೆ. ಅಂದರೆ ಗಣಿತದ ಕೋಷ್ಟಕವೂ ಬೆಳೆಯುತ್ತದೆ.

ನಾನು ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ನನಗೆ ನಿದ್ದೆ ಕೆಡಿಸಿದ ವಿಷಯ ಗಣಿತಜ್ಞ ಗೋಡೆಲ್ 1931ರಲ್ಲಿ ಸಾಧಿಸಿದ್ದು. ಪೂರ್ಣಾಂಕಗಳ ಕೂಡುವುದು, ಗುಣಿಸುವುದನ್ನು ಹಿಡಿಯಬಲ್ಲ, ಒಳಗೆ ವಿರೋಧ ಇಲ್ಲದ ಯಾವುದೇ ನಿಯಮಗಳ ಕಟ್ಟು ತೆಗೆದುಕೊಳ್ಳಿ. ನಿಯಮಗಳನ್ನು ಒಂದೊಂದಾಗಿ ಪಟ್ಟಿ ಮಾಡಲು ಬರುವಂತಿರಬೇಕು, ಅಷ್ಟೇ. ಆ ಕಟ್ಟಿನೊಳಗೆ ಸಾಧಿಸಲು ಆಗದ ನಿಜಗಳು ಇದ್ದೇ ಇರುತ್ತವೆ. ಇದು ಯಾರದ್ದೋ ಅಭಿಪ್ರಾಯ ಅಲ್ಲ, ಸಾಧಿಸಿದ ಪ್ರಮೇಯ. ತನ್ನ ಕೈ ಎಲ್ಲಿಯವರೆಗೆ ಚಾಚುತ್ತದೆ ಎಂದು ಗಣಿತ ತಾನೇ ಅಳೆದುಕೊಂಡಿತು. ಬೇರೆ ಯಾವ ವಿದ್ಯೆ ಇದನ್ನು ಇಷ್ಟು ನಿಖರವಾಗಿ ಮಾಡಿದೆ ಅಂತ ಯಾರಾದರೂ ಹೇಳಿದರೆ ನಿಜವಾಗಿ ಓದಲು ಆಸೆ ಇದೆ.


ಮೊಳ ಮಲ್ಲಿಗೆ
ಭಾನುವಾರ, ಮಧ್ಯಾಹ್ನ 1:10

ಎಲ್ಲರದ್ದೂ ಓದಿದೆ. ನನಗೆ ಒಂದು ಮಾತು ಹೇಳಬೇಕು ಅನಿಸಿತು.

ನಮ್ಮ ಅಮ್ಮ ಗಾಂಧಿಬಜಾರಿನಲ್ಲಿ ಹೂವು ಮಾರುತ್ತಾರೆ. ಮೂವತ್ತು ವರ್ಷ ಆಯಿತು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದಾರೆ. ಕೆ.ಆರ್. ಮಾರ್ಕೆಟ್ಟಿನಿಂದ ಬಂದ ಬಿಡಿ ಮಲ್ಲಿಗೆಯ ರಾಶಿ ನೋಡಿ ಇದು ಎಷ್ಟು ಮೊಳ ಆಗುತ್ತದೆ ಅಂತ ಹೇಳುತ್ತಾರೆ. ಕಟ್ಟಿ ಮುಗಿಸಿದಾಗ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಮೊಗ್ಗು ಗಟ್ಟಿ ಇದ್ದರೆ ಒಂದು ಲೆಕ್ಕ, ಅರಳಲು ಬಂದಿದ್ದರೆ ಇನ್ನೊಂದು. ಮಳೆ ಬಂದ ದಿನ ಬೇರೆಯೇ. ಹೇಗೆ ಗೊತ್ತಾಗುತ್ತೆ ಅಂದರೆ "ನೋಡಿದ್ರೆ ಗೊತ್ತಾಗಲ್ವೇನೋ" ಅಂತಾರೆ.

ನಿಮ್ಮ ಎಲ್ಲ ಉದಾಹರಣೆಯಲ್ಲೂ ತಿಳಿದವರು ಅಂದರೆ ಎಣಿಸಿದವರೇ, ಬರೆದವರೇ. ನಮ್ಮ ಅಮ್ಮನದ್ದು ಯಾವ ತಿಳಿವಳಿಕೆ? ಅದನ್ನು ಗಣಿತ ಅಂತ ಕರೆದರೆ ಅವರಿಗೆ ದೊಡ್ಡ ಹೆಸರು ಕೊಟ್ಟ ಹಾಗೆ ಕಾಣಬಹುದು. ಆದರೆ ಅವರ ಕೈಯಲ್ಲಿ ಇರುವುದನ್ನು ನಾವು ನೋಡಿಯೇ ಇಲ್ಲ ಅಂತ ನನಗೆ ಅನಿಸುತ್ತದೆ.


ಸರಪಳಿ, ನಾಗರಭಾವಿ
ಭಾನುವಾರ, ಸಂಜೆ 4:45

ಮೊಳ ಮಲ್ಲಿಗೆ ಅವರ ಮಾತು ಮನಸ್ಸಿಗೆ ತಟ್ಟಿತು. ನಾನು ಭೂಮಾಪನದ ಕೆಲಸದಲ್ಲಿ ಇದ್ದವನು. ಒಂದು ನಿಜವಾದ ಕತೆ ಹೇಳುತ್ತೇನೆ.

1800ರಲ್ಲಿ ಬ್ರಿಟಿಷ್ ಸರ್ವೇಯರ್ ವಿಲಿಯಂ ಲ್ಯಾಂಬ್ಟನ್ ಇದೇ ಬೆಂಗಳೂರಿನ ಹತ್ತಿರ ಒಂದು ಆಧಾರ ರೇಖೆ ಅಳೆದ. ಏಳು ಮೈಲಿಗೂ ಜಾಸ್ತಿ ಉದ್ದ. 100 ಅಡಿಯ ಉಕ್ಕಿನ ಸರಪಳಿ. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ, ಅದಕ್ಕೆ ಉಷ್ಣತೆ ನೋಡಿ ಲೆಕ್ಕ ತಿದ್ದಬೇಕು. ಸರಪಳಿ ಹಿಡಿದವನ ಕೈ ಒಂದೇ ಸಮ ಎಳೆಯಬೇಕು. ಎರಡು ವರ್ಷದ ಮೇಲೆ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಇನ್ನೊಂದು ರೇಖೆ. ಅಲ್ಲಿಂದ ಮುಂದೆ ತ್ರಿಕೋನಗಳ ಮೇಲೆ ತ್ರಿಕೋನ. ಒಂದು ಬದಿ ನೆಲದ ಮೇಲೆ ಅಳೆದರೆ ಸಾಕು, ಉಳಿದದ್ದೆಲ್ಲ ಕೋನ ನೋಡಿ ಲೆಕ್ಕದಲ್ಲಿ ಬರುತ್ತದೆ. ಆಗಾಗ ಹೊಸ ರೇಖೆಯೊಂದನ್ನು ಅಳೆದು ಲೆಕ್ಕ ಸರಿ ಇದೆಯಾ ಅಂತ ಪರೀಕ್ಷೆ ಮಾಡುತ್ತಿದ್ದರು.

ಈ ಬಲೆ ಬೆಳೆದು ಹಿಮಾಲಯದ ತಪ್ಪಲು ಮುಟ್ಟಿತು. ನೂರಕ್ಕೂ ಹೆಚ್ಚು ಮೈಲಿ ದೂರದಿಂದ ಶಿಖರಗಳ ಕೋನ ನೋಡಿದರು. ಆಗ ಸರ್ವೆಯಲ್ಲಿ ಲೆಕ್ಕದ ಮುಖ್ಯಸ್ಥರಾಗಿದ್ದವರು ಬಂಗಾಳದ ರಾಧಾನಾಥ ಸಿಕ್ದಾರ್. 15ನೇ ನಂಬರಿನ ಶಿಖರದ ಎತ್ತರ 29,002 ಅಡಿ ಅಂತ 1856ರಲ್ಲಿ ಪ್ರಕಟವಾಯಿತು. ಅದೇ ಎವರೆಸ್ಟ್. ಮನುಷ್ಯ ಅದರ ತುದಿಯಲ್ಲಿ ನಿಂತದ್ದು 1953ರಲ್ಲಿ. 1955ರ ಭಾರತದ ಸರ್ವೆ ಹೇಳಿದ್ದು 29,028 ಅಡಿ. ವ್ಯತ್ಯಾಸ ಬರೀ 26 ಅಡಿ.

ನಾನು ಹೇಳಬೇಕಾದದ್ದು ಇದು. ಆ ಎತ್ತರ ಹುಟ್ಟಿದ್ದು ಸರಪಳಿ ಹಿಡಿದವನ ಕೈಯಲ್ಲೂ ಹೌದು, ಲೆಕ್ಕದಲ್ಲೂ ಹೌದು. ನೆಲದ ಮೇಲಿನ ಒಂದು ಬದಿ ಕೈಯಿಂದಲೇ ಬರಬೇಕು. ಅದು ಕೆಟ್ಟರೆ ಮೇಲಿನ ತ್ರಿಕೋನವೆಲ್ಲ ಕೆಡುತ್ತದೆ. ನಿಮ್ಮ ಅಮ್ಮನ ಮೊಳ ಆಧಾರ ರೇಖೆ ಇದ್ದ ಹಾಗೆ.


ಲ್ಯಾಬ್ ಅಕ್ಕ, ಬನಶಂಕರಿ
ಭಾನುವಾರ, ರಾತ್ರಿ 8:20

ನನಗೆ ಇದು ಮನೆಯ ವಿಷಯ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಎರಡು ವರ್ಷದ ಹಿಂದೆ ನಮ್ಮ ಚಿಕ್ಕಮ್ಮನಿಗೆ ಒಂದು ತಪಾಸಣೆಯಲ್ಲಿ ಪಾಸಿಟಿವ್ ಬಂತು. ಅಲ್ಲಿಯವರು ಚೀಟಿ ಕೈಗೆ ಕೊಟ್ಟು "ಪಾಸಿಟಿವ್ ಇದೆ, ಮುಂದಿನ ಪರೀಕ್ಷೆ ಮಾಡಿಸಿ" ಅಂದರು, ಅಷ್ಟೇ. ಮೂರು ವಾರ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಚಿಕ್ಕಮ್ಮ ಒಡವೆ ಯಾರಿಗೆ ಅಂತ ಬರೆದಿಟ್ಟರು. ಕೊನೆಗೆ ಏನೂ ಇರಲಿಲ್ಲ.

ನಾನು ಲ್ಯಾಬಿನಲ್ಲೇ ಕೆಲಸ ಮಾಡುವವಳು. ಆಗ ಕೂತು ಈ ಲೆಕ್ಕ ಹಾಕಿ ಅವರಿಗೆ ತೋರಿಸಬೇಕಿತ್ತು. 1000 ಜನ ಅಂತ ಇಟ್ಟುಕೊಳ್ಳಿ. ರೋಗ ಇರುವುದು 10 ಜನಕ್ಕೆ. ಪರೀಕ್ಷೆ ಅದರಲ್ಲಿ 9 ಜನರನ್ನು ಹಿಡಿಯುತ್ತದೆ. ರೋಗ ಇಲ್ಲದ 990 ಜನರಲ್ಲಿ ನೂರಕ್ಕೆ 5 ಜನರಿಗೆ ತಪ್ಪಾಗಿ ಪಾಸಿಟಿವ್ ತೋರಿಸುತ್ತದೆ. ಅಂದರೆ ಸುಮಾರು 50 ಜನ. ಒಟ್ಟು 59 ಚೀಟಿಯಲ್ಲಿ ಪಾಸಿಟಿವ್ ಅಂತ ಇರುತ್ತದೆ. ನಿಜವಾಗಿ ರೋಗ ಇರುವುದು 9 ಜನಕ್ಕೆ. ನೂರಕ್ಕೆ ಸುಮಾರು 15. ಪರೀಕ್ಷೆ ಕೆಟ್ಟದ್ದೇನೂ ಅಲ್ಲ. ರೋಗ ಅಪರೂಪ, ಅದಕ್ಕೆ ಹೀಗೆ. ಬೇಯ್ಸ್ ಎಂಬ ಪಾದ್ರಿ ಈ ದಾರಿ ಯೋಚಿಸಿದ್ದ. ಅವನು ತೀರಿಕೊಂಡ ಮೇಲೆ 1763ರಲ್ಲಿ ಅದು ಪ್ರಕಟವಾಯಿತು.

ಈ ಲೆಕ್ಕದಿಂದ ಚಿಕ್ಕಮ್ಮನಿಗೆ ರೋಗ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ನಮಗೆ ಎಷ್ಟು ಗೊತ್ತಿಲ್ಲ ಎಂಬುದು ಗೊತ್ತಾಗುತ್ತಿತ್ತು. ಆ ಮೂರು ವಾರಕ್ಕೆ ಅದು ಬೇಕಾಗಿತ್ತು.

ಇದನ್ನು ಆಳವಾಗಿ ಕಂಡವರು ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್. ಕಲ್ಕತ್ತಾದಲ್ಲಿ ಪಾಠ ಮಾಡುವಾಗ ಒಬ್ಬ ವಿದ್ಯಾರ್ಥಿ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುತ್ತಾ ಒಂದು ಪ್ರಮೇಯ ಸಾಧಿಸಿದರು. 1945ರಲ್ಲಿ ಪ್ರಕಟವಾಯಿತು. ಸ್ವೀಡನ್ನಿನ ಕ್ರಾಮರ್ ಬೇರೆಯಾಗಿ ಅದನ್ನೇ ಕಂಡುಕೊಂಡ, ಹಾಗಾಗಿ ಕ್ರಾಮರ್-ರಾವ್ ಮಿತಿ ಅಂತ ಹೆಸರು. ಕೈಯಲ್ಲಿ ಇಷ್ಟು ಮಾಹಿತಿ ಇದ್ದರೆ, ಒಂದೇ ಕಡೆಗೆ ವಾಲದ ಅಂದಾಜು ಎಷ್ಟು ಜಾಣತನದಿಂದ ಮಾಡಿದರೂ ಅದರ ಚದುರುವಿಕೆ ಒಂದು ಮಿತಿಗಿಂತ ಕೆಳಗೆ ಇಳಿಯುವುದಿಲ್ಲ. ಆ ಮಿತಿಯನ್ನು ಮೊದಲೇ ಲೆಕ್ಕ ಹಾಕಬಹುದು. 2023ರಲ್ಲಿ, 102 ವರ್ಷದವರಾಗಿದ್ದಾಗ, ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ ಬಂತು. ಅದೇ ವರ್ಷ ತೀರಿಕೊಂಡರು.

ಮೊಳ ಮಲ್ಲಿಗೆ ತಮ್ಮಾ, ಒಂದು ಕೆಲಸ ಮಾಡುತ್ತೀಯಾ? ಅಮ್ಮ ಹೂವು ಅಳೆಯುವಾಗ ಪ್ರತಿ ಮೊಳವನ್ನೂ ಟೇಪಿನಲ್ಲಿ ಅಳೆದು ಹತ್ತು ಸಲ ಬರೆದುಕೊಂಡು ಬಾ.


ಹನುಮಂತನಗರದ ಪಿಟೀಲು
ಮುಂದಿನ ಭಾನುವಾರ, ಮಧ್ಯಾಹ್ನ 12:30

ಈಗಷ್ಟೇ ಪಾಠದಿಂದ ಬಂದೆ. ಈ ಚರ್ಚೆಯನ್ನೆಲ್ಲ ಗುರುಗಳಿಗೆ ಓದಿ ಹೇಳಿದೆ. 225 ಮತ್ತು 64ರ ಲೆಕ್ಕ ಕೇಳಿ ಎರಡು ಸಲ ತಲೆದೂಗಿದರು. ಮಾತಿನಲ್ಲಿ ಉತ್ತರ ಕೊಡಲಿಲ್ಲ. 1ನೇ ಮೇಳ ಕನಕಾಂಗಿ ನುಡಿಸು ಅಂದರು.

ಅದರಲ್ಲಿ ಶುದ್ಧ ರಿಷಭ (ರಿ), ಶುದ್ಧ ಗಾಂಧಾರ (ಗ) ಎರಡೂ ಬರುತ್ತವೆ. ಶುದ್ಧ ಗಾಂಧಾರದ ಸ್ಥಾನ ಅಂದರೆ ಚತುಶ್ರುತಿ ರಿಷಭ ಎಂಬ ಇನ್ನೊಂದು ಬಗೆಯ ರಿಯದ್ದೇ ಸ್ಥಾನ. ನನ್ನ ಲೆಕ್ಕದಲ್ಲಿ ಅವೆರಡೂ ಒಂದೇ ಅಂಕಿ. ಹಾಗಾಗಿ ಶಂಕರಾಭರಣ ರಾಗದಲ್ಲಿ ಆ ರಿಷಭ ಹಿಡಿಯುವ ಹಾಗೆ ಬೆರಳಿಟ್ಟೆ. ಗುರುಗಳು ತಡೆದರು. "ಬೆರಳು ಸರಿ ಇದೆ. ಆದರೆ ನೀನು ಅದನ್ನು ರಿಷಭ ಅಂತ ನುಡಿಸ್ತಾ ಇದ್ದೀಯ. ಹಿಂದೆ ಒಂದು ರಿಷಭ ಆಗಲೇ ಆಗಿಹೋಗಿದೆ. ಇದು ಗಾಂಧಾರ. ಹಾಡಿಕೊಂಡು ನುಡಿಸು." ಮುಕ್ಕಾಲು ಗಂಟೆ ಅದೊಂದೇ. ಕೊನೆಯ ಹತ್ತು ನಿಮಿಷದಲ್ಲಿ ಎರಡು ಸಲ ಅದು ಗಾಂಧಾರ ಅಂತ ನನ್ನ ಕಿವಿಗೇ ಕೇಳಿಸಿತು. ಜಾಗ ಬದಲಾಗಿರಲಿಲ್ಲ.

ಹೀಗೆ ಪಕ್ಕದ ಸ್ವರದ ಮಾಮೂಲಿ ಸ್ಥಾನದಲ್ಲಿ ಬಂದು ಕೂರುವ ಸ್ವರಕ್ಕೆ ವಿವಾದಿ ಅಂತಾರೆ. 72ರಲ್ಲಿ ವಿವಾದಿ ಸ್ವರ ಇರುವ ಮೇಳ 40. ವಿವಾದಿ ಇಲ್ಲದ ರಿ-ಗ ಜೋಡಿ ನಾಲ್ಕೇ, ಧ-ನಿ ಜೋಡಿಯೂ ನಾಲ್ಕೇ. 4 × 4 × 2 = 32, ಉಳಿದದ್ದು 40. ಹಾಡಲು ಕಷ್ಟ, ಅದಕ್ಕೇ ಹೆಚ್ಚಿನವರು ಮುಟ್ಟಲಿಲ್ಲ. 20ನೇ ಶತಮಾನದಲ್ಲಿ ಕೋಟೀಶ್ವರ ಅಯ್ಯರ್ 72 ಮೇಳಗಳಲ್ಲೂ ಕೃತಿ ರಚಿಸಿದರು. ಕೋಷ್ಟಕ ಇಲ್ಲದಿದ್ದರೆ ಆ 40ರ ಬಾಗಿಲನ್ನು ಯಾರೂ ತಟ್ಟುತ್ತಿರಲಿಲ್ಲ ಅಂತ ಈಗಲೂ ನಂಬುತ್ತೇನೆ. ಆದರೆ ಭಾಮಿನಿ ಮೇಡಂ, "ರಾಗ ಗೊತ್ತಿರಲಿಲ್ಲ" ಎಂಬ ನಿಮ್ಮ ಮಾತನ್ನು ಇವತ್ತು ಬೆರಳಿನಿಂದ ಒಪ್ಪಿಕೊಂಡೆ.


ಭಾಮಿನಿ, ರಾಜಾಜಿನಗರ
ಮುಂದಿನ ಭಾನುವಾರ, ಮಧ್ಯಾಹ್ನ 2:05

ನಾನೂ ಅರ್ಧ ಬಿಟ್ಟುಕೊಡುತ್ತೇನೆ. ಎಡವುವ 161 ವಿನ್ಯಾಸಗಳನ್ನು ಬರೆದು ಓದಿ ನೋಡಲು ಕೂತೆ. ಇಪ್ಪತ್ತು ಮುಗಿದಿವೆ. ಎಲ್ಲವೂ ಒಂದೇ ತರ ಎಡವುವುದಿಲ್ಲ. ಲಘು-ಗುರು ನಾಲ್ಕು ಮಾತ್ರೆಯ ಗಣದಲ್ಲಿ ಬಂದರೆ ಒಂದು ತರ, ಮೂರರದರಲ್ಲಿ ಬಂದರೆ ಇನ್ನೊಂದು ತರ. ನಲವತ್ತು ವರ್ಷ ಪಾಠ ಮಾಡಿದರೂ ಇದನ್ನು ಗಮನಿಸಿರಲಿಲ್ಲ. ಪಟ್ಟಿ ಮಾಡಿದ್ದಕ್ಕೆ ಕಿವಿಗೆ ಬಿತ್ತು.


ಮೊಳ ಮಲ್ಲಿಗೆ
ಮುಂದಿನ ಭಾನುವಾರ, ರಾತ್ರಿ 9:50

ಅಕ್ಕ, ಅಳೆದೆ. ಸೆಂಟಿಮೀಟರಿನಲ್ಲಿ: 43.5, 44, 44, 43, 45, 44, 43.5, 44.5, 44, 43.5. ಸರಾಸರಿ 43.9.


ಲ್ಯಾಬ್ ಅಕ್ಕ, ಬನಶಂಕರಿ
ಮುಂದಿನ ಭಾನುವಾರ, ರಾತ್ರಿ 10:15

ಎಷ್ಟು ಚೆನ್ನಾಗಿದೆ! ಒಂದೊಂದು ಮೊಳ ಸರಾಸರಿಯಿಂದ ಅರ್ಧ ಸೆಂಟಿಮೀಟರಿನ ಆಸುಪಾಸು ಅಲುಗಾಡುತ್ತದೆ. ಹತ್ತು ಸಲದ ಸರಾಸರಿಯ ಅಲುಗಾಟ ಎರಡು ಮಿಲಿಮೀಟರಿಗಿಂತ ಕಡಿಮೆ. ಇನ್ನೂ ಹತ್ತು ಪಟ್ಟು ನಿಖರ ಬೇಕಾದರೆ ಹತ್ತು ಪಟ್ಟು ಅಳೆದರೆ ಸಾಲದು, ನೂರು ಪಟ್ಟು ಅಳೆಯಬೇಕು. ಅಮ್ಮನ ಕೈ ಅಷ್ಟು ಸ್ಥಿರ ಅಂತ ಈಗ ನಮಗೆ ಅಂಕಿಯಲ್ಲಿ ಗೊತ್ತು. ಅವರಿಗೆ ಮೊದಲೇ ಗೊತ್ತಿತ್ತು.


ಮೊಳ ಮಲ್ಲಿಗೆ
ಮುಂದಿನ ಭಾನುವಾರ, ರಾತ್ರಿ 10:40

ಅಮ್ಮನಿಗೆ ಓದಿ ಹೇಳಿದೆ. 45 ಬಂದದ್ದು ಯಾವುದು ಅಂತ ಕೇಳಿದರು. ಐದನೆಯದು ಅಂದೆ. "ಅದು ಪಕ್ಕದ ಬೀದಿ ಅಜ್ಜಿಗೆ ಕೊಟ್ಟಿದ್ದು, ಅವರಿಗೆ ಒಂದು ಬೆರಳು ಜಾಸ್ತಿನೇ ಬಿಡ್ತೀನಿ" ಅಂದರು. ನಾನು ಬರೆದುಕೊಂಡಾಗ ಯಾರಿಗೆ ಅಂತ ಬರೆದಿರಲಿಲ್ಲ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮತ್ತೆ ಅಳೆಯುತ್ತೇನೆ. ಈ ಸಲ ಪಕ್ಕದಲ್ಲಿ ಯಾರಿಗೆ ಅಂತಲೂ ಬರೆದುಕೊಳ್ಳುತ್ತೇನೆ.